ವಿಶ್ವದ ಹಿರಿಯರು: ಗೋಳಗುಚ್ಛಗಳ ವಿಚಾರ

ನಮ್ಮ ಪೂರ್ವಿಕರು ಇಪ್ಪತ್ತೇಳು ನಕ್ಷತ್ರಗಳಲ್ಲಿ ಒಂದಕ್ಕೆ ಜ್ಯೇಷ್ಠಾ ಎಂದು ಹೆಸರಿಟ್ಟರು. ಜ್ಯೇಷ್ಠಾ ಎಂದರೆ ಎಲ್ಲರಿಗಿಂತ ಹಿರಿಯಳು. ವೃಶ್ಚಿಕ ರಾಶಿಯ ನಡುವೆ ಕೆಂಡದಂತೆ ಕೆಂಪಗೆ ಹೊಳೆಯುವ ಈ ನಕ್ಷತ್ರವನ್ನು ಗುರುತಿಸಬಲ್ಲವರು ಹಲವರಿದ್ದಾರೆ. ಆದರೆ ಅದರ ಪಶ್ಚಿಮಕ್ಕೆ, ಚಾಚಿದ ಕೈಯ ಒಂದು ಬೆರಳಿನ ಅಗಲದಷ್ಟು ಅಂತರದಲ್ಲಿ, ಮಸುಕು ಬೆಳಕಿನ ಚಿಕ್ಕ ಉಂಡೆಯೊಂದು ಇರುವುದೆಂದು ಬಲ್ಲವರು ಕಡಮೆ. ಬರಿಗಣ್ಣಿಗೆ ಅದು ಗೋಚರವಾಗುವುದು ಕಷ್ಟ. ಒಳ್ಳೆಯ ದುರ್ಬೀನಿದ್ದು ರಾತ್ರಿ ಕತ್ತಲಾಗಿದ್ದರೆ ಕಾಣುವುದು. ಜ್ಯೇಷ್ಠೆಯು ಹುಟ್ಟಿ ಸುಮಾರು ಒಂದು ಒಂದೂವರೆ ಕೋಟಿ ವರ್ಷಗಳಾಗಿರಬಹುದೆಂದು ವಿಜ್ಞಾನಿಗಳ ಲೆಕ್ಕ. ಆ ಮಸುಕಾದ ಉಂಡೆಯ ವಯಸ್ಸಾದರೋ ೧,೨೦೦ ಕೋಟಿ ವರ್ಷ. ಹೆಸರಿನಲ್ಲಿ ಹಿರಿಯಳಾದವಳು ವಯಸ್ಸಿನಲ್ಲಿ ಕೂಸು. ನಿಜವಾದ ಹಿರಿಯನು ಅವಳ ಮಗ್ಗುಲಲ್ಲಿಯೇ ಹೆಸರಿಲ್ಲದೆ ಕುಳಿತಿದ್ದಾನೆ. ಕಣ್ಣಿಗೆ ಅವರಿಬ್ಬರು ನೆರೆಯವರಂತೆ ತೋರಿದರೂ, ಜ್ಯೇಷ್ಠೆಯು ನಮ್ಮಿಂದ ಸುಮಾರು ೫೫೦ ಜ್ಯೋತಿರ್ವರ್ಷಗಳ ದೂರದಲ್ಲಿಯೂ ಆ ಉಂಡೆಯು ಸುಮಾರು ೬,೦೦೦ ಜ್ಯೋತಿರ್ವರ್ಷಗಳ ದೂರದಲ್ಲಿಯೂ ಇವೆ. ಬೆಳಕು ಒಂದು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಓಡುವುದು. ಆ ವೇಗದಲ್ಲಿ ಒಂದು ವರ್ಷ ಓಡಿದರೆ ಆಗುವ ದೂರವೇ ಒಂದು ಜ್ಯೋತಿರ್ವರ್ಷ. ಅದು ಸುಮಾರು ಒಂಬತ್ತೂವರೆ ಲಕ್ಷ ಕೋಟಿ ಕಿಲೋಮೀಟರುಗಳಿಗೆ ಸಮ.

ಈ ಉಂಡೆಯು ಒಂದು ನಕ್ಷತ್ರವಲ್ಲ. ಲಕ್ಷಕ್ಕೆ ಸಮೀಪದ ಸಂಖ್ಯೆಯ ನಕ್ಷತ್ರಗಳ ಸಮೂಹ. ಇಂಥ ಸಮೂಹಗಳಿಗೆ ಗೋಳಗುಚ್ಛಗಳೆಂದು ಹೆಸರು. ಇವು ಯಾವುವು, ಇವುಗಳ ವಯಸ್ಸನ್ನು ಎಣಿಸಿದ ಬಗೆ ಹೇಗೆ, ಇತ್ತೀಚಿನ ವರ್ಷಗಳಲ್ಲಿ ಇವುಗಳ ವಿಷಯವಾಗಿ ಏನೇನು ತಿಳಿದುಬಂದಿದೆ ಎಂಬುದನ್ನು ಈ ಲೇಖನದಲ್ಲಿ ಸಂಗ್ರಹವಾಗಿ ವಿಚಾರಿಸೋಣ.

ನಕ್ಷತ್ರಗಳು ಒಂಟಿಯಾಗಿ ಹುಟ್ಟುವುದು ಅಪರೂಪ. ಅನಿಲ ಮತ್ತು ಧೂಳಿನ ಮಹಾಮೇಘಗಳು ಕುಗ್ಗಿದಾಗ ಅವು ಗುಂಪುಗುಂಪಾಗಿ ಹುಟ್ಟುವುವು. ಕೃತ್ತಿಕೆಯನ್ನು ನೋಡದವರಾರು? ಬರಿಗಣ್ಣಿಗೆ ಆರೋ ಏಳೋ ಚುಕ್ಕೆಗಳಾಗಿ ತೋರುವ ಆ ಗುಂಪಿನಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳಿವೆ. ಅದರ ವಯಸ್ಸು ಸುಮಾರು ೧೦ ಕೋಟಿ ವರ್ಷ. ಇಂಥ ಸಡಿಲವಾದ ಗುಂಪುಗಳು ಬಹುಕಾಲ ಒಟ್ಟಾಗಿರಲಾರವು. ಆಕಾಶಗಂಗೆಯ ಸೆಳೆತಕ್ಕೆ ಸಿಕ್ಕಿ, ಜಾತ್ರೆ ಮುಗಿದ ಜನರಂತೆ, ಒಂದೊಂದಾಗಿ ಚದರಿಹೋಗುವುವು. ಗೋಳಗುಚ್ಛಗಳ ಬಗೆ ಬೇರೆ. ಅವುಗಳಲ್ಲಿ ಹತ್ತಾರು ಸಾವಿರದಿಂದ ಹತ್ತಾರು ಲಕ್ಷದವರೆಗೆ ನಕ್ಷತ್ರಗಳು ಪರಸ್ಪರ ಗುರುತ್ವಾಕರ್ಷಣದಿಂದ ಬಿಗಿಯಾಗಿ ಕಟ್ಟಿಕೊಂಡು, ನಡುವೆ ದಟ್ಟವಾಗಿ ಹೊರಗೆ ತೆಳುವಾಗಿ, ಗೋಳಾಕಾರವನ್ನು ತಳೆದಿವೆ. ನಮ್ಮ ಸೂರ್ಯನಿಗೆ ಅತ್ಯಂತ ಸಮೀಪದ ನಕ್ಷತ್ರವು ೪.೨ ಜ್ಯೋತಿರ್ವರ್ಷಗಳ ದೂರದಲ್ಲಿದೆ. ದಟ್ಟವಾದ ಗೋಳಗುಚ್ಛದ ಗರ್ಭದಲ್ಲಾದರೆ ನಕ್ಷತ್ರದಿಂದ ನಕ್ಷತ್ರಕ್ಕೆ ಒಂದು ಜ್ಯೋತಿರ್ವರ್ಷದ ಹತ್ತನೆಯ ಒಂದು ಭಾಗದಷ್ಟೂ ದೂರವಿರದು. ಅಲ್ಲಿ ನಿಂತು ನೋಡುವವರಿದ್ದರೆ ಅವರಿಗೆ ಕತ್ತಲೆಯ ರಾತ್ರಿಯೆಂಬುದೇ ಇರುವುದಿಲ್ಲ.

ಇವುಗಳನ್ನು ಕಂಡ ಕಥೆಯು ದೂರದರ್ಶಕದ ಕಥೆಯೊಂದಿಗೆ ಹೆಣೆದುಕೊಂಡಿದೆ. ದಕ್ಷಿಣಾಕಾಶದ ಒಮೇಗಾ ಸೆಂಟಾರಿಯನ್ನು ಕ್ರಿಸ್ತಶಕ ಎರಡನೆಯ ಶತಮಾನದ ಟಾಲೆಮಿಯು ಒಂದು ನಕ್ಷತ್ರವೆಂದೇ ತನ್ನ ಪಟ್ಟಿಯಲ್ಲಿ ಸೇರಿಸಿದ್ದನು. ೧೬೦೩ರಲ್ಲಿ ಬೇಯರನು ಅದಕ್ಕೆ ಗ್ರೀಕ್ ಅಕ್ಷರಮಾಲೆಯ ಕೊನೆಯ ಅಕ್ಷರವನ್ನು ಕೊಟ್ಟನು. ಧನು ರಾಶಿಯ ಗೋಳಗುಚ್ಛವೊಂದನ್ನು ೧೬೬೫ರಲ್ಲಿ ಜರ್ಮನಿಯ ಅಬ್ರಹಾಂ ಈಲೆ ಎಂಬವನು ಕಂಡನು. ೧೬೭೭ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ದಕ್ಷಿಣಾಕಾಶವನ್ನು ಪರಿಶೀಲಿಸಿದ ಎಡ್ಮಂಡ್ ಹ್ಯಾಲಿಯು ಒಮೇಗಾ ಸೆಂಟಾರಿಯು ಸಾಮಾನ್ಯ ನಕ್ಷತ್ರದಂತಿಲ್ಲವೆಂದು ಗುರುತಿಸಿದನು. ಫ್ರಾನ್ಸಿನ ಚಾರ್ಲ್ಸ್ ಮೆಸ್ಸಿಯೇ ಧೂಮಕೇತುಗಳ ಬೇಟೆಗಾರ. ಧೂಮಕೇತುವೆಂದು ಭ್ರಮೆ ಹುಟ್ಟಿಸುವ ಮಸುಕು ಬೆಳಕುಗಳನ್ನು ಮೊದಲೇ ಪಟ್ಟಿಮಾಡಿಟ್ಟುಕೊಂಡರೆ ಮೋಸಹೋಗುವುದು ತಪ್ಪುವುದೆಂದು ಅವನು ನೂರಕ್ಕೂ ಹೆಚ್ಚು ಇಂಥ ಬೆಳಕುಗಳನ್ನು ಗುರುತಿಸಿದನು. ಅವನಿಗೆ ಬೇಡವಾಗಿದ್ದ ವಸ್ತುಗಳ ಆ ಪಟ್ಟಿಯೇ ಇಂದು ಅವನ ಹೆಸರನ್ನು ಉಳಿಸಿದೆ. ಜ್ಯೇಷ್ಠೆಯ ನೆರೆಯ ಗುಚ್ಛವು ಆ ಪಟ್ಟಿಯಲ್ಲಿ ನಾಲ್ಕನೆಯದು. ಮುಂದೆ ವಿಲಿಯಂ ಹರ್ಷಲನು ತನ್ನ ದೊಡ್ಡ ದೂರದರ್ಶಕಗಳಿಂದ ಈ ಮಸುಕುಗಳನ್ನು ನಕ್ಷತ್ರಗಳನ್ನಾಗಿ ಬಿಡಿಸಿ ನೋಡಿ, ೧೭೮೯ರಲ್ಲಿ ಇವುಗಳಿಗೆ ಗೋಳಗುಚ್ಛವೆಂಬ ಅರ್ಥದ ಹೆಸರನ್ನಿತ್ತನು.

ಇಷ್ಟಾದರೂ ಇವು ಆಕಾಶದ ಒಂದು ಸೊಗಸು ಮಾತ್ರವಾಗಿದ್ದುವು. ಇವುಗಳ ಮೂಲಕ ಮಾನವನು ತನ್ನ ಸ್ಥಾನವನ್ನೇ ತಿಳಿದುಕೊಳ್ಳಬಹುದೆಂದು ತೋರಿಸಿದವನು ಅಮೆರಿಕದ ಹಾರ್ಲೋ ಷೇಪ್ಲಿ. ಅವನ ಕಾಲಕ್ಕೆ, ನಮ್ಮ ಸೂರ್ಯನು ಆಕಾಶಗಂಗೆಯ ನಡುವೆಯೋ ನಡುವಿನ ಸಮೀಪದಲ್ಲಿಯೋ ಇರುವನೆಂದು ಬಹುಮಂದಿ ನಂಬಿದ್ದರು. ಹಾಗೆ ನಂಬಲು ಕಾರಣವಿತ್ತು: ಆಕಾಶಗಂಗೆಯ ಬಿಳಿಯ ಪಟ್ಟಿಯು ಸುತ್ತಲೂ ಹೆಚ್ಚುಕಡಮೆ ಒಂದೇ ಸಮನಾಗಿ ಕಾಣುವುದು. ಆದರೆ ಗೋಳಗುಚ್ಛಗಳು ಹಾಗೆ ಸಮನಾಗಿ ಹಂಚಿಲ್ಲ. ಅವುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಧನು ರಾಶಿಯ ಒಂದೇ ದಿಕ್ಕಿನಲ್ಲಿ ಕಿಕ್ಕಿರಿದಿವೆ. ಏಕೆ ಹೀಗೆ? ಇದನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ದೊಡ್ಡದೊಂದು ಜಾತ್ರೆಯಲ್ಲಿ ನಾವು ನಿಂತಿದ್ದೇವೆ. ಧೂಳೆದ್ದಿರುವುದರಿಂದ ಹತ್ತು ಮಾರಿನಾಚೆಗೆ ಏನೂ ಕಾಣುವುದಿಲ್ಲ. ನಾವು ಜಾತ್ರೆಯ ನಡುವೆ ಇದ್ದೇವೆಯೋ ಅಂಚಿನಲ್ಲಿದ್ದೇವೆಯೋ ಹೇಗೆ ತಿಳಿಯುವುದು? ಜಾತ್ರೆಯ ಉದ್ದಗಲಕ್ಕೂ ಎತ್ತರದ ಕಂಬಗಳಲ್ಲಿ ದೀಪಗಳನ್ನು ತೂಗುಹಾಕಿದ್ದರೆ, ಧೂಳಿನ ಮೇಲೆ ಆ ದೀಪಗಳು ಕಾಣುವುವು. ಅವು ಸುತ್ತಲೂ ಸಮನಾಗಿದ್ದರೆ ನಾವು ನಡುವೆ ಇದ್ದೇವೆ. ಬಹುಪಾಲು ಒಂದೇ ಕಡೆ ಕಂಡರೆ ಜಾತ್ರೆಯ ನಡುವು ಆ ಕಡೆಗಿದೆ. ಆಕಾಶಗಂಗೆಯ ತಟ್ಟೆಯ ಮೇಲೆಯೂ ಕೆಳಗೆಯೂ ಹರಡಿಕೊಂಡಿರುವ ಗೋಳಗುಚ್ಛಗಳೇ ಆ ದೀಪಗಳು.

ದಿಕ್ಕು ತಿಳಿದರೆ ಸಾಲದು, ದೂರವೂ ತಿಳಿಯಬೇಕು. ಅದಕ್ಕೆ ಸಾಧನವನ್ನು ಒದಗಿಸಿದವರು ಹಾರ್ವರ್ಡ್ ವೀಕ್ಷಣಾಲಯದ ಹೆನ್ರಿಯೆಟ್ಟಾ ಲೆವಿಟ್ ಎಂಬ ಮಹಿಳೆ. ಕೆಲವು ನಕ್ಷತ್ರಗಳ ಕಾಂತಿಯು ನಿಯತಕಾಲಕ್ಕೆ ಏರುತ್ತ ಇಳಿಯುತ್ತ ಇರುವುದು. ಇವಕ್ಕೆ ಚರಕಾಂತಿ ನಕ್ಷತ್ರಗಳೆಂದು ಹೆಸರು. ಏರಿಳಿತದ ಅವಧಿ ದೀರ್ಘವಾದಷ್ಟೂ ನಕ್ಷತ್ರದ ನಿಜವಾದ ಪ್ರಕಾಶವೂ ಹೆಚ್ಚು ಎಂಬ ನಿಯಮವನ್ನು ಆಕೆ ೧೯೧೨ರಲ್ಲಿ ಖಚಿತಪಡಿಸಿದರು. ಅವಧಿಯನ್ನು ಅಳೆದರೆ ನಿಜ ಪ್ರಕಾಶವು ತಿಳಿಯುವುದು. ನಮಗೆ ಅದು ಎಷ್ಟು ಮಂಕಾಗಿ ಕಾಣುವುದೆಂಬುದರಿಂದ ದೂರವು ತಿಳಿಯುವುದು. ಮೌಂಟ್ ವಿಲ್ಸನ್ನಿನ ೬೦ ಅಂಗುಲದ ದೂರದರ್ಶಕದಿಂದ ಗೋಳಗುಚ್ಛಗಳಲ್ಲಿನ ಚರಕಾಂತಿ ನಕ್ಷತ್ರಗಳನ್ನು ಅಳೆದ ಷೇಪ್ಲಿಯು, ೧೯೧೮ರ ವೇಳೆಗೆ, ಸೂರ್ಯನು ಆಕಾಶಗಂಗೆಯ ನಡುವಿನಿಂದ ಬಹುದೂರದಲ್ಲಿದ್ದಾನೆಂದು ಸಾರಿದನು. ಅವನು ಹೇಳಿದ ದೂರವು ೫೦,೦೦೦ ಜ್ಯೋತಿರ್ವರ್ಷಗಳಿಗೂ ಮಿಗಿಲಾಗಿದ್ದಿತು. ನಕ್ಷತ್ರಗಳ ನಡುವಣ ಧೂಳು ಬೆಳಕನ್ನು ಮಂಕುಗೊಳಿಸುವುದೆಂಬುದು ೧೯೩೦ರಲ್ಲಿ ಟ್ರಂಪ್ಲರನಿಂದ ದೃಢಪಟ್ಟ ಮೇಲೆ ಆ ಅಳತೆಯನ್ನು ತಗ್ಗಿಸಬೇಕಾಯಿತು. ಇಂದಿನ ಲೆಕ್ಕದಂತೆ ಅದು ಸುಮಾರು ೨೬,೦೦೦ ಜ್ಯೋತಿರ್ವರ್ಷ. ಅಳತೆ ತಪ್ಪಿದರೂ ದಿಕ್ಕು ತಪ್ಪಲಿಲ್ಲ. ಭೂಮಿಯು ವಿಶ್ವದ ನಡುವಲ್ಲವೆಂದು ಕೊಪರ್ನಿಕಸನು ತೋರಿಸಿದಂತೆ, ಸೂರ್ಯನೂ ನಡುವಲ್ಲವೆಂದು ಈ ಗುಚ್ಛಗಳು ತೋರಿಸಿದುವು.

ಇನ್ನು ವಯಸ್ಸಿನ ಮಾತು. ಯಾರೂ ಕಂಡಿರದ ಹುಟ್ಟಿನ ಕಾಲವನ್ನು ಎಣಿಸುವುದು ಹೇಗೆ? ಕಾರ್ತಿಕದ ದೀಪೋತ್ಸವವನ್ನು ನೆನೆಯಿರಿ. ಚಿಕ್ಕವು ದೊಡ್ಡವು ಎಲ್ಲ ಹಣತೆಗಳನ್ನೂ ಒಂದೇ ಹೊತ್ತಿಗೆ ಹಚ್ಚಿದ್ದಾರೆನ್ನೋಣ. ದೊಡ್ಡ ಹಣತೆಯಲ್ಲಿ ಎಣ್ಣೆ ಹೆಚ್ಚು; ಆದರೆ ದಪ್ಪ ಬತ್ತಿಯ ಉರಿಯು ಅದಕ್ಕಿಂತಲೂ ಹೆಚ್ಚಾದುದರಿಂದ ಅದೇ ಮೊದಲು ಬರಿದಾಗುವುದು. ಸಣ್ಣ ಬತ್ತಿಯ ಪುಟ್ಟ ಹಣತೆಯು ಬೆಳಗಿನವರೆಗೂ ಮಿಣುಕುತ್ತಿರುವುದು. ನಡುರಾತ್ರಿಯಲ್ಲಿ ಬಂದವನು ಯಾವ ಅಳತೆಯ ಹಣತೆಗಳು ಆಗತಾನೆ ಆರುತ್ತಿವೆಯೆಂದು ನೋಡಿ, ದೀಪ ಹಚ್ಚಿ ಎಷ್ಟು ಹೊತ್ತಾಯಿತೆಂದು ಹೇಳಬಹುದು. ನಕ್ಷತ್ರಗಳಿಗೆ ಎಣ್ಣೆಯೆಂದರೆ ಜಲಜನಕ. ಅದು ಗರ್ಭದಲ್ಲಿ ಹೀಲಿಯಮ್ಮಾಗಿ ಮಾರ್ಪಡುವಾಗ ಹೊರಡುವ ಶಕ್ತಿಯೇ ಬೆಳಕು. ಸೂರ್ಯನ ಹತ್ತರಷ್ಟು ತೂಕದ ನಕ್ಷತ್ರವು ಎರಡು ಮೂರು ಕೋಟಿ ವರ್ಷಗಳಲ್ಲಿಯೇ ತನ್ನ ಜಲಜನಕವನ್ನು ಮುಗಿಸುವುದು. ಸೂರ್ಯನಿಗೆ ಸುಮಾರು ೧,೦೦೦ ಕೋಟಿ ವರ್ಷ ಬೇಕು. ಅದಕ್ಕಿಂತ ಹಗುರವಾದವಕ್ಕೆ ಇನ್ನೂ ಹೆಚ್ಚು. ಗರ್ಭದ ಜಲಜನಕವು ಮುಗಿದ ನಕ್ಷತ್ರವು ಉಬ್ಬಿ ಕೆಂಪುದೈತ್ಯವಾಗುವುದು. ಗೋಳಗುಚ್ಛಗಳಲ್ಲಿ ಸೂರ್ಯನ ಹತ್ತರಲ್ಲಿ ಎಂಟು ಪಾಲು ತೂಕದ ನಕ್ಷತ್ರಗಳು ಈಗ ಕೆಂಪುದೈತ್ಯರಾಗಲು ತೊಡಗಿವೆ. ಆದುದರಿಂದ ಅವುಗಳ ವಯಸ್ಸು ೧,೨೦೦ರಿಂದ ೧,೩೦೦ ಕೋಟಿ ವರ್ಷಗಳೆಂದು ನಿರ್ಣಯವಾಗುವುದು. ನಮ್ಮ ಸೂರ್ಯನಿಗೆ ಈಗ ೪೬೦ ಕೋಟಿ ವರ್ಷ. ಈ ಗುಚ್ಛಗಳ ನಕ್ಷತ್ರಗಳಲ್ಲಿ ಕಬ್ಬಿಣವೇ ಮುಂತಾದ ಭಾರವಾದ ಮೂಲವಸ್ತುಗಳು ಬಹಳ ಕಡಮೆ. ಅನೇಕ ಗುಚ್ಛಗಳಲ್ಲಿ ಸೂರ್ಯನಲ್ಲಿರುವುದರ ಹತ್ತನೆಯ, ಕೆಲವುಗಳಲ್ಲಿ ನೂರನೆಯ ಒಂದು ಪಾಲು ಮಾತ್ರ. ಭಾರವಾದ ಮೂಲವಸ್ತುಗಳು ನಕ್ಷತ್ರಗಳ ಒಡಲಲ್ಲಿಯೇ ಹುಟ್ಟಿ ಕ್ರಮೇಣ ಹೊರಗೆ ಹರಡತಕ್ಕವು. ಅವು ಇನ್ನೂ ಹೆಚ್ಚಾಗಿ ಹರಡದಿದ್ದ ಕಾಲದಲ್ಲಿ ಇವು ಹುಟ್ಟಿದುವೆಂಬುದಕ್ಕೆ ಇದು ಮತ್ತೊಂದು ಸಾಕ್ಷಿ.

ಈ ವಯಸ್ಸಿನ ಲೆಕ್ಕವು ಒಮ್ಮೆ ಖಗೋಳಶಾಸ್ತ್ರವನ್ನೇ ಇಕ್ಕಟ್ಟಿಗೆ ಸಿಲುಕಿಸಿತು. ೧೯೯೦ರ ದಶಕದಲ್ಲಿ ಕೆಲವು ಗೋಳಗುಚ್ಛಗಳಿಗೆ ೧,೫೦೦ ಕೋಟಿ ವರ್ಷ ಅಥವಾ ಅದಕ್ಕೂ ಹೆಚ್ಚು ವಯಸ್ಸೆಂದು ಲೆಕ್ಕ ಬರುತ್ತಿದ್ದಿತು. ವಿಶ್ವವು ಹಿಗ್ಗುತ್ತಿರುವ ವೇಗದಿಂದ ಲೆಕ್ಕ ಹಾಕಿದರೆ, ವಿಶ್ವದ ವಯಸ್ಸೇ ಸುಮಾರು ೧,೦೦೦ ಕೋಟಿ ವರ್ಷವೆಂದು ತೋರುತ್ತಿದ್ದಿತು. ತಾಯಿಗಿಂತ ಮಗಳು ಹಿರಿಯಳಾಗುವುದುಂಟೆ? ಒಂದೋ ನಕ್ಷತ್ರಗಳ ವಿಷಯದಲ್ಲಿ ನಾವು ತಿಳಿದುದು ತಪ್ಪು. ಇಲ್ಲವೇ ವಿಶ್ವದ ವಿಷಯದಲ್ಲಿ ತಿಳಿದುದು ತಪ್ಪು. ಎರಡರಲ್ಲಿ ಯಾವುದನ್ನು ಬಿಡಬೇಕೆಂದು ವಿಜ್ಞಾನಿಗಳಲ್ಲಿ ಬಿರುಸಾದ ವಾದ ನಡೆಯಿತು. ಕಡೆಗೆ ಎರಡು ಕಡೆಯ ಲೆಕ್ಕಗಳೂ ತಿದ್ದುಪಡಿಯಾದುವು. ಹಿಪ್ಪಾರ್ಕಸ್ ಎಂಬ ಯೂರೋಪಿನ ಉಪಗ್ರಹವು ನಕ್ಷತ್ರಗಳ ದೂರವನ್ನು ಹಿಂದೆಂದಿಗಿಂತ ನಿಖರವಾಗಿ ಅಳೆದು, ೧೯೯೭ರಲ್ಲಿ ಆ ಫಲಿತಾಂಶಗಳು ಪ್ರಕಟವಾದುವು. ಅದರಿಂದ ಗೋಳಗುಚ್ಛಗಳು ಎಣಿಸಿದ್ದಕ್ಕಿಂತ ದೂರದಲ್ಲಿವೆಯೆಂದು ತೋರಿಬಂದಿತು. ದೂರ ಹೆಚ್ಚಿದರೆ ಅವುಗಳ ನಕ್ಷತ್ರಗಳ ನಿಜ ಪ್ರಕಾಶವೂ ಹೆಚ್ಚು. ಪ್ರಕಾಶ ಹೆಚ್ಚಿದರೆ ಬೇಗ ಉರಿಯುವುವು. ಆದುದರಿಂದ ವಯಸ್ಸು ಕಡಮೆ. ಮರುವರ್ಷ, ೧೯೯೮ರಲ್ಲಿ, ವಿಶ್ವದ ಹಿಗ್ಗುವಿಕೆಯು ಕಾಲಕ್ರಮದಲ್ಲಿ ನಿಧಾನವಾಗುತ್ತಿಲ್ಲ, ಬದಲು ವೇಗಗೊಳ್ಳುತ್ತಿದೆಯೆಂದು ಎರಡು ತಂಡಗಳು ಕಂಡವು. ಹಿಂದೆ ನಿಧಾನವಾಗಿ ಹಿಗ್ಗಿದ ವಿಶ್ವವು ಈಗಿನ ಅಳತೆಗೆ ಬರಲು ಹೆಚ್ಚು ಕಾಲ ಹಿಡಿದಿರಬೇಕಷ್ಟೆ. ಇಂದು ವಿಶ್ವದ ವಯಸ್ಸು ೧,೩೮೦ ಕೋಟಿ ವರ್ಷವೆಂದು ಒಪ್ಪಿದ್ದಾರೆ. ೨೦೦೨ರಲ್ಲಿ ಹಬಲ್ ದೂರದರ್ಶಕದ ನೆರವಿನಿಂದ, ಜ್ಯೇಷ್ಠೆಯ ನೆರೆಯ ಗುಚ್ಛದಲ್ಲಿನ ಶ್ವೇತಕುಬ್ಜಗಳ, ಎಂದರೆ ಉರಿದು ಮುಗಿದ ನಕ್ಷತ್ರಗಳ, ಕಾವು ಎಷ್ಟು ಆರಿದೆಯೆಂದು ಅಳೆದು, ಬೇರೊಂದೇ ದಾರಿಯಿಂದ ವಯಸ್ಸನ್ನು ಎಣಿಸಿದರು. ಅದು ಸುಮಾರು ೧,೨೭೦ ಕೋಟಿ ವರ್ಷವೆಂದು ಬಂದಿತು. ಮಗಳು ತಾಯಿಗಿಂತ ಕಿರಿಯಳಾದಳು. ಆದರೆ ಬಹಳ ಕಿರಿಯಳಲ್ಲ.

ಇಷ್ಟು ಕಾಲ ಒಟ್ಟಿಗಿರುವ ಲಕ್ಷಾಂತರ ನಕ್ಷತ್ರಗಳು ಸುಮ್ಮನಿರುವುವೆ? ಇಲ್ಲ. ಅವು ಒಂದನ್ನೊಂದು ಸೆಳೆಯುತ್ತ, ಒಂದರ ದಾರಿಯನ್ನು ಮತ್ತೊಂದು ಬಾಗಿಸುತ್ತ ಸದಾ ಸಂಚರಿಸುತ್ತಿವೆ. ಇಂಥ ಗುಂಪುಗಳ ಚಲನೆಯನ್ನು ಗಣಿತದಿಂದ ವಿವರಿಸಿದವರಲ್ಲಿ ಭಾರತೀಯ ಮೂಲದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅಗ್ರಗಣ್ಯರು. ಹಗುರವಾದವುಗಳ ನಡುವೆ ಸಂಚರಿಸುವ ಭಾರವಾದ ನಕ್ಷತ್ರವು ಒಂದು ಬಗೆಯ ಘರ್ಷಣೆಗೆ ಒಳಗಾದಂತೆ ವೇಗವನ್ನು ಕಳೆದುಕೊಳ್ಳುವುದೆಂದು ಅವರು ೧೯೪೩ರಲ್ಲಿ ತೋರಿಸಿದರು. ಇದರ ಫಲವಾಗಿ ಭಾರವಾದವು ನಡುವಿಗೆ ಇಳಿಯುವುವು. ಹಗುರವಾದವು ಹೊರಗೆ ಸರಿಯುವುವು. ಕೆಲವು ಗುಚ್ಛವನ್ನೇ ಬಿಟ್ಟು ಹೋಗುವುವು. ಕೇರುವ ಮೊರದಲ್ಲಿ ಕಾಳು ಹೊಟ್ಟು ಬೇರೆಯಾಗುವಂತೆ, ಕೋಟ್ಯಂತರ ವರ್ಷಗಳಲ್ಲಿ ಗುಚ್ಛವು ತನ್ನನ್ನು ತಾನೇ ಕೇರಿಕೊಳ್ಳುವುದು.

ಆ ದಟ್ಟಣೆಯಲ್ಲಿ ವಿಚಿತ್ರಗಳೂ ನಡೆಯುತ್ತವೆ. ೧೯೫೩ರಲ್ಲಿ ಅಲನ್ ಸ್ಯಾಂಡೇಜನು ಮೆಸ್ಸಿಯೇ ಪಟ್ಟಿಯ ಮೂರನೆಯ ಗುಚ್ಛದಲ್ಲಿ, ಇರಬಾರದ ಕೆಲವು ನೀಲಿ ನಕ್ಷತ್ರಗಳನ್ನು ಕಂಡನು. ನೀಲಿಯೆಂದರೆ ಹೆಚ್ಚು ತೂಕ, ಹೆಚ್ಚು ಕಾವು, ಅಲ್ಪಾಯುಷ್ಯ. ಜೊತೆಗಾರರೆಲ್ಲ ಮುದುಕರಾದ ಸಮೂಹದಲ್ಲಿ ಇವು ಯುವಕರಂತೆ ಹೇಗೆ ಉಳಿದುವು? ಎರಡು ನಕ್ಷತ್ರಗಳು ಕೂಡಿ ಒಂದಾದಾಗ, ಇಲ್ಲವೇ ಒಂದು ತನ್ನ ಜೊತೆಯ ನಕ್ಷತ್ರದಿಂದ ಅನಿಲವನ್ನು ಸೆಳೆದುಕೊಂಡಾಗ, ಹೊಸ ಜಲಜನಕ ದೊರೆತು ಇವು ಮರಳಿ ಪ್ರಾಯಕ್ಕೆ ಬರುವುವೆಂದು ಈಗ ತಿಳಿದಿದೆ. ಇಂಥ ಕಾವೇರಿದ ನಕ್ಷತ್ರಗಳು ಅತಿನೇರಿಳೆ ಬೆಳಕಿನಲ್ಲಿ ಎದ್ದು ಕಾಣುವುವು. ಭಾರತವು ೨೦೧೫ರ ಸೆಪ್ಟೆಂಬರ್ ೨೮ರಂದು ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಅತಿನೇರಿಳೆ ದೂರದರ್ಶಕವೊಂದಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳ್ತನದಲ್ಲಿ ಅದು ಸಿದ್ಧವಾಯಿತು; ಬಿಡಿಭಾಗಗಳನ್ನು ಜೋಡಿಸಿದುದು ಹೊಸಕೋಟೆಯ ಪ್ರಯೋಗಶಾಲೆಯಲ್ಲಿ. ಅನೇಕ ಗೋಳಗುಚ್ಛಗಳ ನೀಲಿ ನಕ್ಷತ್ರಗಳನ್ನೂ ಶ್ವೇತಕುಬ್ಜಗಳನ್ನೂ ಅದರಿಂದ ಪರಿಶೀಲಿಸಿದ್ದಾರೆ.

ನಮ್ಮ ಪುಣೆಗೆ ಇನ್ನೂ ಸಮೀಪದ ಸಂಗತಿಯೊಂದುಂಟು. ಪುಣೆಯಿಂದ ನಾಸಿಕಕ್ಕೆ ಹೋಗುವ ಹೆದ್ದಾರಿಯಲ್ಲಿ ನಾರಾಯಣಗಾಂವ್ ಎಂಬ ಊರಿದೆ. ಅದರ ಬಳಿಯ ಖೋಡದದಲ್ಲಿ, ಒಂದೊಂದೂ ೪೫ ಮೀಟರು ಅಗಲದ ೩೦ ಬೋಗುಣಿಗಳಿಂದ ಕೂಡಿದ ದೈತ್ಯ ರೇಡಿಯೋ ದೂರದರ್ಶಕವಿದೆ. ಗೋವಿಂದ ಸ್ವರೂಪರ ಕಲ್ಪನೆ ಮತ್ತು ಶ್ರಮದಿಂದ ಎದ್ದುನಿಂತ ಈ ದೂರದರ್ಶಕದಿಂದ, ೨೦೦೪ರಲ್ಲಿ, ಎನ್‌ಜಿಸಿ ೧೮೫೧ ಎಂಬ ಗೋಳಗುಚ್ಛದಲ್ಲಿ ಒಂದು ಪಲ್ಸಾರ್ ಪತ್ತೆಯಾಯಿತು. ಪಲ್ಸಾರ್ ಎಂದರೆ, ಸಿಡಿದ ನಕ್ಷತ್ರದ ತಿರುಳು ಒಂದು ನಗರದಷ್ಟು ಅಗಲಕ್ಕೆ ಕುಗ್ಗಿ, ಬುಗುರಿಯಂತೆ ತಿರುಗುತ್ತ, ದೀಪಸ್ತಂಭದಂತೆ ರೇಡಿಯೋ ಕಿರಣವನ್ನು ಬೀಸುವ ವಸ್ತು. ಈ ಪಲ್ಸಾರ್ ಒಂದು ಸೆಕೆಂಡಿಗೆ ಸುಮಾರು ೨೦೦ ಸುತ್ತು ತಿರುಗುವುದು. ಅದರ ಜೊತೆಗಾರ ನಕ್ಷತ್ರದ ಕಕ್ಷೆಯು ಬಹಳ ಉದ್ದಕ್ಕೆ ಎಳೆದ ಅಂಡಾಕಾರವಾಗಿರುವುದರಿಂದ, ದಟ್ಟಣೆಯ ನಡುವೆ ಮೊದಲಿನ ಜೊತೆಗಾರನು ಹೋಗಿ ಬೇರೊಬ್ಬನು ಬಂದು ಸೇರಿದ್ದಾನೆಂದು ಊಹಿಸಲಾಗಿದೆ. ಅದೇ ಗುಚ್ಛದ ಮತ್ತೊಂದು ಪಲ್ಸಾರಿನ ಜೊತೆಗಾರನನ್ನು ದಕ್ಷಿಣ ಆಫ್ರಿಕದ ಮೀರ್‌ಕ್ಯಾಟ್ ದೂರದರ್ಶಕದಿಂದ ಅಳೆದು, ೨೦೨೪ರ ಜನವರಿಯಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಜೊತೆಗಾರನ ತೂಕ ಸೂರ್ಯನ ೨.೦೯ರಿಂದ ೨.೭೧ರಷ್ಟು. ನ್ಯೂಟ್ರಾನ್ ನಕ್ಷತ್ರವೆನ್ನಲು ಅದು ಬಹಳ ಭಾರ. ಕಪ್ಪುಕುಳಿಯೆನ್ನಲು ಬಹಳ ಹಗುರ. ಅದು ಎರಡರಲ್ಲಿ ಯಾವುದೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಕಪ್ಪುಕುಳಿಯ ಮಾತು ಬಂದುದರಿಂದ ಒಮೇಗಾ ಸೆಂಟಾರಿಗೆ ಮರಳೋಣ. ಆಕಾಶಗಂಗೆಯ ಗೋಳಗುಚ್ಛಗಳಲ್ಲಿ ಅದೇ ದೊಡ್ಡದು. ಅದರಲ್ಲಿ ಸುಮಾರು ಒಂದು ಕೋಟಿ ನಕ್ಷತ್ರಗಳಿವೆ. ದೂರ ಸುಮಾರು ೧೭,೦೦೦ ಜ್ಯೋತಿರ್ವರ್ಷ. ಜರ್ಮನಿಯ ಹೈಡಲ್‌ಬರ್ಗಿನ ಮ್ಯಾಕ್ಸ್ ಪ್ಲಾಂಕ್ ಖಗೋಳವಿಜ್ಞಾನ ಸಂಸ್ಥೆಯ ನೇತೃತ್ವದ ತಂಡವೊಂದು, ಹಬಲ್ ದೂರದರ್ಶಕವು ಇಪ್ಪತ್ತು ವರ್ಷಗಳಲ್ಲಿ ತೆಗೆದ ೫೦೦ಕ್ಕೂ ಹೆಚ್ಚು ಚಿತ್ರಗಳನ್ನು ಒಂದರೊಡನೊಂದು ಹೋಲಿಸಿ, ೧೪ ಲಕ್ಷ ನಕ್ಷತ್ರಗಳ ಚಲನೆಯನ್ನು ಅಳೆಯಿತು. ಅವುಗಳಲ್ಲಿ ಏಳು ನಕ್ಷತ್ರಗಳು ಗುಚ್ಛದ ನಟ್ಟನಡುವೆ ಅತಿ ವೇಗವಾಗಿ ಓಡುತ್ತಿದ್ದುವು. ಅಂಥ ವೇಗದ ನಕ್ಷತ್ರಗಳು ಗುಚ್ಛದಿಂದ ಎಂದೋ ಸಿಡಿದು ಹೋಗಬೇಕಾಗಿತ್ತು. ಹೋಗದಿರುವುದರಿಂದ, ಕಣ್ಣಿಗೆ ಕಾಣದ ಯಾವುದೋ ಭಾರವು ಅವುಗಳನ್ನು ಹಿಡಿದಿಟ್ಟಿರಬೇಕು. ಸೂರ್ಯನ ಕನಿಷ್ಠ ೮,೨೦೦ರಷ್ಟು ತೂಕದ ಕಪ್ಪುಕುಳಿಯೊಂದು ಅಲ್ಲಿರುವುದೆಂದು ೨೦೨೪ರ ಜುಲೈಯಲ್ಲಿ ಆ ತಂಡವು ಸಾರಿತು. ಸೂರ್ಯನ ಹತ್ತಾರು ಪಟ್ಟು ತೂಕದ ಕಪ್ಪುಕುಳಿಗಳೂ, ಗೆಲಾಕ್ಸಿಗಳ ನಡುವೆ ಲಕ್ಷಗಟ್ಟಲೆ, ಕೋಟಿಗಟ್ಟಲೆ ಪಟ್ಟಿನವೂ ಪರಿಚಿತವಾಗಿದ್ದುವು. ನಡುವಣ ಅಳತೆಯವು ದೊರೆಯುವುದು ಬಹು ವಿರಳವಾಗಿತ್ತು. ಒಂದು ದೊಡ್ಡ ಕುಳಿಯ ಬದಲು ಅನೇಕ ಚಿಕ್ಕ ಕುಳಿಗಳ ಸಮೂಹವಿರಬಾರದೇಕೆಂದು ವಾದಿಸುವವರೂ ಇದ್ದಾರೆ. ಆ ಏಳು ನಕ್ಷತ್ರಗಳನ್ನು ಇನ್ನೂ ಹಲವು ವರ್ಷ ಗಮನಿಸಿದರೆ ವಿವಾದವು ಬಗೆಹರಿಯಬಹುದು.

ಗುಚ್ಛವೊಂದರ ನಕ್ಷತ್ರಗಳೆಲ್ಲ ಒಂದೇ ಮೇಘದಿಂದ ಒಂದೇ ಕಾಲಕ್ಕೆ ಹುಟ್ಟಿದುವೆಂಬುದು ಹಿಂದಿನ ನಂಬಿಕೆ. ಅದೂ ಸಡಿಲಿದೆ. ಒಮೇಗಾ ಸೆಂಟಾರಿಯಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ನಕ್ಷತ್ರಕುಲಗಳಿರುವುದು ೨೦೦೪ರಲ್ಲಿ ಹಬಲ್ ಚಿತ್ರಗಳಿಂದ ಸ್ಪಷ್ಟವಾಯಿತು. ೨೦೦೭ರಲ್ಲಿ ಎನ್‌ಜಿಸಿ ೨೮೦೮ ಎಂಬ ಗುಚ್ಛದಲ್ಲಿ ಮೂರು ಕುಲಗಳನ್ನು ಬಿಡಿಸಿ ತೋರಿಸಿದರು. ಒಂದು ಕುಲಕ್ಕಿಂತ ಮತ್ತೊಂದರಲ್ಲಿ ಹೀಲಿಯಂ ಮತ್ತು ಸೋಡಿಯಂ ಹೆಚ್ಚು, ಆಮ್ಲಜನಕ ಕಡಮೆ. ಮೊದಲ ಕುಲದ ನಕ್ಷತ್ರಗಳು ಉಗುಳಿದ ಅನಿಲದಿಂದ ಎರಡನೆಯ ಕುಲವು ಹುಟ್ಟಿತೆಂಬ ವಿವರಣೆಯುಂಟು. ಆದರೆ ಅಷ್ಟು ಅನಿಲವು ಎಲ್ಲಿಂದ ಒದಗಿತೆಂಬ ಲೆಕ್ಕ ಕೂಡಿಬಂದಿಲ್ಲ. ಇದು ಇಂದಿನ ಬಿಡಿಸದ ಒಗಟುಗಳಲ್ಲಿ ಒಂದು.

ಇನ್ನೊಂದು ಸಂಗತಿಯು ನಮ್ಮಂಥವರ ಮನಸ್ಸನ್ನು ವಿಶೇಷವಾಗಿ ಸೆಳೆಯುವಂಥದು. ಆಕಾಶಗಂಗೆಯಲ್ಲಿ ಈಗ ೧೫೦ಕ್ಕೂ ಹೆಚ್ಚು ಗೋಳಗುಚ್ಛಗಳು ತಿಳಿದಿವೆ. ಅವೆಲ್ಲವೂ ಇಲ್ಲಿ ಹುಟ್ಟಿದುವಲ್ಲ. ೧೯೯೪ರಲ್ಲಿ, ಧನು ರಾಶಿಯ ದಿಕ್ಕಿನಲ್ಲಿ, ಆಕಾಶಗಂಗೆಯೊಳಗೆ ಬೆರೆತುಹೋಗುತ್ತಿರುವ ಒಂದು ಕುಬ್ಜ ಗೆಲಾಕ್ಸಿಯು ಪತ್ತೆಯಾಯಿತು. ಮೆಸ್ಸಿಯೇ ಪಟ್ಟಿಯ ಐವತ್ತನಾಲ್ಕನೆಯ ಗುಚ್ಛವು ಆ ಗೆಲಾಕ್ಸಿಗೆ ಸೇರಿದುದು. ೨೦೧೩ರ ಡಿಸೆಂಬರಿನಲ್ಲಿ ಹಾರಿ ೨೦೨೫ರ ಜನವರಿಯವರೆಗೆ ವೀಕ್ಷಣೆ ನಡೆಸಿದ ಗಾಯಾ ಎಂಬ ಯೂರೋಪಿನ ಉಪಗ್ರಹವು ನೂರು ಕೋಟಿಗೂ ಹೆಚ್ಚು ನಕ್ಷತ್ರಗಳ ಸ್ಥಾನ ಚಲನೆಗಳನ್ನು ಅಳೆಯಿತು. ಆ ಅಳತೆಗಳಿಂದ, ಸುಮಾರು ೧,೦೦೦ ಕೋಟಿ ವರ್ಷಗಳ ಹಿಂದೆ ಬೇರೊಂದು ಗೆಲಾಕ್ಸಿಯು ಆಕಾಶಗಂಗೆಗೆ ಬಂದು ಸೇರಿತೆಂದು ೨೦೧೮ರಲ್ಲಿ ತಿಳಿಯಿತು. ಅದರೊಡನೆ ಬಂದ ಗೋಳಗುಚ್ಛಗಳು ಇಂದಿಗೂ ಇಲ್ಲಿವೆ. ಒಮೇಗಾ ಸೆಂಟಾರಿಯೂ ಹೀಗೆ ಬಂದು ಕರಗಿದ ಗೆಲಾಕ್ಸಿಯೊಂದರ ತಿರುಳೇ ಇರಬೇಕೆಂದು ಬಹುಮಂದಿ ವಿಜ್ಞಾನಿಗಳ ಅಭಿಪ್ರಾಯ. ಸಾವಿರ ಕೋಟಿ ವರ್ಷ ಕಳೆದರೂ, ಯಾವುದು ಇಲ್ಲಿಯದು, ಯಾವುದು ವಲಸೆ ಬಂದುದು ಎಂಬುದನ್ನು ಅವುಗಳ ನಡೆಯಿಂದಲೂ ಒಡಲಿನ ಮೂಲವಸ್ತುಗಳ ಪ್ರಮಾಣದಿಂದಲೂ ಗುರುತಿಸಬಹುದು. ಊರು ಬಿಟ್ಟು ತಲೆಮಾರು ಕಳೆದ ಮನೆಯಲ್ಲಿ ಊರಿನ ಸೊಲ್ಲು ಉಳಿಯುವಂತೆ ಇದು. ಬಂದವೆಲ್ಲ ಸೇರಿಯೇ ಇಂದಿನ ಆಕಾ‍ಶಗಂಗೆಯಾಗಿದೆ.

ಇವುಗಳ ಹುಟ್ಟನ್ನು ಕಣ್ಣಾರೆ ಕಾಣುವ ಬಗೆಯೂ ಈಗ ಒದಗಿದೆ. ದೂರದ ಬೆಳಕು ಹಳೆಯ ಬೆಳಕು. ಬಹುದೂರ ನೋಡಿದರೆ ಬಹುಹಿಂದಿನ ಕಾಲವು ಕಾಣುವುದು. ೨೦೨೧ರ ಡಿಸೆಂಬರ್ ೨೫ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕವು, ವಿಶ್ವವು ಹುಟ್ಟಿ ಕೇವಲ ೪೬ ಕೋಟಿ ವರ್ಷಗಳಾಗಿದ್ದಾಗ ಇದ್ದ ಒಂದು ಪುಟ್ಟ ಗೆಲಾಕ್ಸಿಯಲ್ಲಿ ಐದು ದಟ್ಟವಾದ ನಕ್ಷತ್ರಗುಚ್ಛಗಳನ್ನು ತೋರಿಸಿತು. ನಡುವೆ ಇರುವ ಗೆಲಾಕ್ಸಿ ಸಮೂಹವೊಂದರ ಗುರುತ್ವಾಕರ್ಷಣವು ಭೂತಗನ್ನಡಿಯಂತೆ ಆ ಬೆಳಕನ್ನು ಬಾಗಿಸಿ ಹಿಗ್ಗಿಸಿದುದರಿಂದಲೇ ಅವು ಕಾಣಸಿಕ್ಕಿದುವು. ಇವು ಗೋಳಗುಚ್ಛಗಳ ಶೈಶವರೂಪಗಳಿರಬೇಕೆಂದು ೨೦೨೪ರಲ್ಲಿ ಸಂಶೋಧಕರು ತಿಳಿಸಿದರು. ನಮ್ಮ ಸಮೀಪದ ಗುಚ್ಛಗಳಲ್ಲಿ ಮುಪ್ಪನ್ನು ನೋಡಿ ಊಹಿಸಿದ್ದ ಬಾಲ್ಯವು ಹೀಗೆ ನೇರವಾಗಿ ಕಣ್ಣಿಗೆ ಬಿದ್ದಂತಾಯಿತು.

ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದುದು ಇಷ್ಟು. ಒಮೇಗಾ ಸೆಂಟಾರಿಯ ಏಳು ನಕ್ಷತ್ರಗಳನ್ನು ಹಿಡಿಯಲು ಇಪ್ಪತ್ತು ವರ್ಷಗಳ ಚಿತ್ರಗಳು ಬೇಕಾದುವು. ಆ ಚಿತ್ರಗಳಲ್ಲಿ ಅನೇಕವನ್ನು ತೆಗೆದುದು ಈ ಉದ್ದೇಶಕ್ಕಾಗಿ ಅಲ್ಲ. ಮೆಸ್ಸಿಯೇ ಬೇಡವೆಂದು ಬದಿಗಿಟ್ಟ ಪಟ್ಟಿಯು ಷೇಪ್ಲಿಗೆ ದಾರಿದೀಪವಾದಂತೆ, ಒಬ್ಬರು ಶ್ರದ್ಧೆಯಿಂದ ಬರೆದಿಟ್ಟುದು ಇನ್ನೊಬ್ಬರಿಗೆ ಎಂದೋ ಒದಗುವುದು. ಮಗಳು ತಾಯಿಗಿಂತ ಹಿರಿಯಳೆಂಬ ಲೆಕ್ಕ ಬಂದಾಗ ಯಾರೂ ಅದನ್ನು ಮುಚ್ಚಿಡಲಿಲ್ಲ; ಎದುರಿಗಿಟ್ಟುಕೊಂಡು ತಿದ್ದಿದರು.

ಪುಣೆಯ ಬೀದಿದೀಪಗಳ ನಡುವೆ ಈ ಗುಚ್ಛಗಳನ್ನು ಕಾಣುವ ಆಸೆಯಿಲ್ಲ. ಬೇಸಿಗೆಯ ರಜೆಯಲ್ಲಿ ಊರಿಗೆ ಹೋಗುವವರು, ಮೇ ತಿಂಗಳ ನಡುವೆ, ಚಂದ್ರನಿಲ್ಲದ ರಾತ್ರಿ ಹತ್ತೂವರೆಯ ಹೊತ್ತಿಗೆ ಅಂಗಳಕ್ಕೋ ಹೊಲಕ್ಕೋ ಬಂದು ದಕ್ಷಿಣಕ್ಕೆ ಮುಖಮಾಡಿ ನಿಲ್ಲಲಿ. ಆಗ ಚಿತ್ರಾ ನಕ್ಷತ್ರವು ದಕ್ಷಿಣದಲ್ಲಿ ಎತ್ತರದಲ್ಲಿರುವುದು. ಅಲ್ಲಿಂದ ನೇರವಾಗಿ ಕೆಳಕ್ಕೆ, ಚಾಚಿದ ಕೈಯ ಮೂರೂವರೆ ಮುಷ್ಟಿಗಳಷ್ಟು ಇಳಿದರೆ, ಮಂಜು ಮುಸುಕಿದ ನಕ್ಷತ್ರದಂತಹ ಒಂದು ಮಸುಕು ಬೆಳಕು ಬರಿಗಣ್ಣಿಗೇ ಕಾಣುವುದು. ಅದೇ ಒಮೇಗಾ ಸೆಂಟಾರಿ. ಯೂರೋಪಿನ ಬಹುಭಾಗದಿಂದ ಅದು ಕಾಣುವುದೇ ಇಲ್ಲ. ಧಾರವಾಡ, ವಿಜಯಪುರ, ಕಲಬುರ್ಗಿಗಳ ಆಕಾಶದಲ್ಲಿ ಚೆನ್ನಾಗಿ ಮೇಲೇರುವುದು. ಮನೆಯ ಹಿರಿಯರನ್ನೂ ಕಿರಿಯರನ್ನೂ ಕರೆದು ತೋರಿಸಿರಿ. ಆ ಬೆಳಕು ಹೊರಟು ೧೭,೦೦೦ ವರ್ಷಗಳಾಗಿವೆ. ನೋಡುವ ಕಣ್ಣುಗಳು ಹೆಚ್ಚಿದಷ್ಟೂ ಒಳ್ಳೆಯದು.